ಐದೂವರೆ ವಾರದಲ್ಲಿ ಪ್ಲೇಟೋ

ಟೆಕ್ಸಸ್‌ನವರಿಗೆ ಸರ್ಕಾರ ಅಂದರೆ ಅಷ್ಟಕ್ಕಷ್ಟೇ. ಅಲ್ಲಿಯ ಶಾಸನಸಭೆ ಸೇರುವುದೇ ಎರಡು ವರ್ಷಕ್ಕೊಂದು ಸಲ, ಅದೂ ಬೆಸಸಂಖ್ಯೆಯ ವರ್ಷದಲ್ಲಿ, ಅದೂ 140 ದಿನಕ್ಕೆ ಮೀರದ ಹಾಗೆ. ನಡುವೆ ಬೇಕಾದರೆ ಗವರ್ನರ್ ವಿಶೇಷ ಅಧಿವೇಶನ ಕರೆಯಬೇಕು. ಸಂವಿಧಾನ ಬರೆದವರು ಅವಸರದಲ್ಲಿ ಅಂಕಿ ಅದಲು ಬದಲು ಮಾಡಿಬಿಟ್ಟರು, 140 ವರ್ಷಕ್ಕೆ ಎರಡು ದಿನ ಅಂತ ಇರಬೇಕಾಗಿತ್ತು ಎಂದು ಅಲ್ಲಿಯವರೇ ತಮಾಷೆ ಮಾಡಿಕೊಳ್ಳುತ್ತಾರೆ. ಶಾಸಕರ ಸಂಬಳ ತಿಂಗಳಿಗೆ 600 ಡಾಲರ್. 1975ರಲ್ಲಿ ಗೊತ್ತುಮಾಡಿದ್ದು, ಇವತ್ತಿಗೂ ಅಷ್ಟೇ. ಅಧಿವೇಶನದ ದಿನಗಳ ಭತ್ಯೆ ಬೇರೆ ಇದೆ ಅನ್ನಿ. ನಮ್ಮ ಶಾಸಕರು ಈ ವಿಷಯ ಓದಿದರೆ ಅನ್ನ ಬಿಟ್ಟಾರು ಅಂತ ಹೆದರಿ ಇಲ್ಲಿಗೇ ನಿಲ್ಲಿಸುತ್ತೇನೆ.

ಇಂಥ ರಾಜ್ಯ ಒಂದು ಕಾನೂನು ಮಾಡಿಕೊಂಡು ಕೂತಿದೆ. ಅಲ್ಲಿಯ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಯಾವ ಡಿಗ್ರಿಯಾದರೂ ಮಾಡಿ, ಎಂಜಿನಿಯರಿಂಗ್ ಓದಿ, ನರ್ಸಿಂಗ್ ಓದಿ, ಕಹಳೆ ಊದುವ ಸಂಗೀತದ ಡಿಗ್ರಿಯನ್ನೇ ಮಾಡಿ, ಸರ್ಕಾರದ ಬಗ್ಗೆ ಆರು ಕ್ರೆಡಿಟ್ ಓದದಿದ್ದರೆ ಘಟಿಕೋತ್ಸವದ ಟೋಪಿ ಇಲ್ಲ. ದೇಶದ ಸಂವಿಧಾನವೂ ಗೊತ್ತಿರಬೇಕು, ಟೆಕ್ಸಸ್‌ನದೂ ಗೊತ್ತಿರಬೇಕು. ಸರ್ಕಾರ ಕಂಡರಾಗದವರು ಸರ್ಕಾರವನ್ನು ಕಡ್ಡಾಯ ಪಾಠ ಮಾಡಿದ್ದಾರೆ. ಆಗದವರ ಜಾತಕವನ್ನೇ ಅಲ್ಲವೇ ನಾವೂ ಪೂರ್ತಿ ಇಟ್ಟುಕೊಳ್ಳುವುದು?

ಈ ಆರು ಕ್ರೆಡಿಟ್‌ನಲ್ಲಿ ಎರಡು ಪೇಪರು. ಕೇಂದ್ರ ಸರ್ಕಾರದ್ದು 2305, ಟೆಕ್ಸಸ್ ಸರ್ಕಾರದ್ದು 2306. ಕಮ್ಯುನಿಟಿ ಕಾಲೇಜುಗಳಲ್ಲೆಲ್ಲ ಇದೇ ನಂಬರು. ಆಸ್ಟಿನ್ ಹತ್ತಿರ ನನ್ನ ತಮ್ಮನ ಮನೆಗೆ ಹೋಗಿ ನಾನು ಮೊದಲು ಕಲಿತದ್ದು ಈ ಎರಡು ನಂಬರುಗಳನ್ನು. ಶನಿವಾರ ಒಬ್ಬರ ಮನೆಯ ಸತ್ಯನಾರಾಯಣ ಪೂಜೆ. ಸಜ್ಜಿಗೆ ಪ್ರಸಾದ ಇನ್ನೂ ಕೈಯಲ್ಲಿದೆ, ಹೆಂಗಸರ ಗುಂಪಿನಲ್ಲಿ ಮಾತು ಶುರು.

“ನಿಮ್ಮ ಮಗಳು ಗವರ್ನಮೆಂಟ್ ಯಾವಾಗ ಮುಗಿಸ್ತಾಳೆ ರೀ?”

“ಈ ಸಮ್ಮರ್‌ನಲ್ಲೇ ಮುಗಿಸಿಬಿಡ್ತಾಳೆ. ಐದೂವರೆ ವಾರ ಅಷ್ಟೇ.”

ನನಗೆ ಗಾಬರಿಯಾಯಿತು. ಬೆಂಗಳೂರಿನಲ್ಲಿ 2019ರಲ್ಲಿ ಒಂದು ಸರ್ಕಾರ ಮುಗಿಸುವುದಕ್ಕೆ ಹದಿನೇಳು ಜನ ಶಾಸಕರು, ಮುಂಬೈಯಲ್ಲಿ ಹೋಟೆಲು, ದಿನಗಟ್ಟಲೆ ಚರ್ಚೆ ಎಲ್ಲ ಬೇಕಾಗಿತ್ತು. ಇಲ್ಲಿ ಹತ್ತೊಂಬತ್ತು ವರ್ಷದ ಹುಡುಗಿ ಒಬ್ಬಳೇ ಮುಗಿಸುತ್ತಾಳಂತೆ.

ನಮ್ಮವರ ಲೆಕ್ಕಾಚಾರ ಹೀಗಿದೆ. ಮಗು ಓದುವುದು ಕಂಪ್ಯೂಟರ್ ಸೈನ್ಸ್. ದೊಡ್ಡ ವಿಶ್ವವಿದ್ಯಾಲಯದ ಪೂರ್ತಿ ಸೆಮಿಸ್ಟರಿನಲ್ಲಿ ಸರ್ಕಾರಕ್ಕೂ ತತ್ತ್ವಶಾಸ್ತ್ರಕ್ಕೂ ಜಾಗ ಕೊಟ್ಟರೆ ಕೋಡಿಂಗ್‌ಗೆ ಎಲ್ಲಿದೆ ಜಾಗ? ಆದ್ದರಿಂದ ಜೂನ್ ತಿಂಗಳಲ್ಲಿ ಮನೆಗೆ ಬಂದಾಗ ಪಕ್ಕದ ಕಮ್ಯುನಿಟಿ ಕಾಲೇಜಿನಲ್ಲಿ ಅಗ್ಗದ ಫೀಸಿಗೆ ಓದಿ, ಕ್ರೆಡಿಟ್ಟನ್ನು ಅಲ್ಲಿಗೆ ಸಾಗಿಸಿಕೊಂಡರಾಯಿತು. ಸೊಸೈಟಿಯಲ್ಲಿ ಅಕ್ಕಿ ತಂದುಕೊಂಡು ಬೆಣ್ಣೆ ಮಾತ್ರ ಒಳ್ಳೆಯ ಅಂಗಡಿಯಲ್ಲಿ ಕೊಳ್ಳುವ ನಮ್ಮ ಹಳೆಯ ಬುದ್ಧಿ ಸಮುದ್ರ ದಾಟಿದರೂ ಹೋಗಿಲ್ಲ. ನನಗೇನೂ ಆಕ್ಷೇಪಣೆ ಇಲ್ಲ. ಸೊಸೈಟಿ ಅಕ್ಕಿಯಲ್ಲೇ ನಮ್ಮ ತಮ್ಮ ಇಷ್ಟುದ್ದ ಬೆಳೆದದ್ದು.

ಸೊಸೆಗೆ, ಅಂದರೆ ತಮ್ಮನ ಮಗಳಿಗೆ, ಕೇಂದ್ರದ ಪೇಪರು ಹೈಸ್ಕೂಲಿನಲ್ಲೇ, ಕಾಲೇಜು ಕ್ರೆಡಿಟ್ ಕೊಡಿಸುವ ಎಪಿ ಪರೀಕ್ಷೆ ಬರೆದು ಕಳೆದಿತ್ತು. ಉಳಿದದ್ದು ಟೆಕ್ಸಸ್. ಅದರ ಜೊತೆಗೆ ‘ಭಾಷೆ, ತತ್ತ್ವಶಾಸ್ತ್ರ, ಸಂಸ್ಕೃತಿ’ ಎಂಬ ಖಾನೆಯಲ್ಲಿ ಮೂರು ಕ್ರೆಡಿಟ್ ತುಂಬಿಸಬೇಕಿತ್ತು. ಅದಕ್ಕೆ ಅವಳು ರಾಜಕೀಯ ತತ್ತ್ವಶಾಸ್ತ್ರ ಆರಿಸಿಕೊಂಡಳು. ಬೇಸಿಗೆಯ ಮೊದಲರ್ಧ ಟೆಕ್ಸಸ್, ಎರಡನೆಯ ಅರ್ಧ ಪ್ಲೇಟೋ.

“ಅಯ್ಯೋ, ಅದೇ ಯಾಕೆ? ಈಸಿ ಇರೋದು ಯಾವುದೂ ಇರಲಿಲ್ವಾ?” ಅಂದ ತಮ್ಮ.

ಇವನು ಹಾಗನ್ನಬಾರದು. ಇವನೇ ಹಿಂದೆ ಅಮೆರಿಕದ ಪೌರತ್ವಕ್ಕಾಗಿ ನೂರು ಪ್ರಶ್ನೆ ಬಾಯಿಪಾಠ ಮಾಡಿದವನು. ಆಗೆಲ್ಲ ನೂರರಲ್ಲಿ ಹತ್ತು ಕೇಳುತ್ತಿದ್ದರು, ಆರು ಸರಿಯಾದರೆ ಪಾಸು. ಸೆನೆಟರುಗಳು ಎಷ್ಟು ಜನ, ಸಂವಿಧಾನಕ್ಕೆ ಎಷ್ಟು ತಿದ್ದುಪಡಿ, ಫೆಡರಲಿಸ್ಟ್ ಪ್ರಬಂಧ ಬರೆದವರಲ್ಲಿ ಒಬ್ಬನ ಹೆಸರು ಹೇಳಿ, ಇಂಥವು. ಕಾರು ಓಡಿಸುತ್ತಾ, ಪಾತ್ರೆ ತೊಳೆಯುತ್ತಾ, ಫೋನಿನಲ್ಲಿ ನಮ್ಮಮ್ಮನ ಸಕ್ಕರೆ ಕಾಯಿಲೆ ವಿಚಾರಿಸುತ್ತಾ ಉರು ಹೊಡೆದ. ಈಗ ಕೇಳಿದರೆ ಇಪ್ಪತ್ತೇಳು ತಿದ್ದುಪಡಿ ಅಂತ ತಟ್ಟನೆ ಹೇಳುತ್ತಾನೆ. ಆ ಇಪ್ಪತ್ತೇಳನೆಯದು ಏನು ಅಂತ ಕೇಳಿದರೆ ಥರ್ಮೋಸ್ಟಾಟ್ ನೋಡುತ್ತಾನೆ. ಇರಲಿ, ಆ ಇಪ್ಪತ್ತೇಳನೆಯದಕ್ಕೆ ಆಮೇಲೆ ಬರುತ್ತೇನೆ.

ನನ್ನ ಅರ್ಹತೆ ಏನು ಅಂತ ನೀವು ಕೇಳಬಹುದು. ನಾನು ಮೈಸೂರಿನಲ್ಲಿ ಬಿ.ಎ. ಮಾಡಿದವಳು, ಎಚ್‌ಇಪಿ. ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ರಾಜ್ಯದ ಮೂಲಾಂಶಗಳು ನಾಲ್ಕು: ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಗಾರ್ನರ್ ಪ್ರಕಾರ, ಗೆಟೆಲ್ ಪ್ರಕಾರ ಅಂತ ವ್ಯಾಖ್ಯೆಗಳನ್ನು ಒಂದರ ಕೆಳಗೊಂದು ಬರೆದು ಅಡಿಗೆರೆ ಎಳೆದರೆ ಹತ್ತು ಅಂಕದಲ್ಲಿ ಆರು ಗ್ಯಾರಂಟಿ. ಹಾಬ್ಸ್, ಲಾಕ್, ರೂಸೋ ಮೂವರನ್ನೂ ಕೂರಿಸಿ ಸಾಮಾಜಿಕ ಒಪ್ಪಂದ ಮಾಡಿಸುವ ಪ್ರಶ್ನೆ ಒಂದು ವರ್ಷ ಬಿಟ್ಟು ಒಂದು ವರ್ಷ ಬರುತ್ತಿತ್ತು. ಹೋದ ವರ್ಷ ಬಂದಿದ್ದರೆ ಈ ವರ್ಷ ಬಿಡಬಹುದು ಅಂತ ಗೈಡಿನಲ್ಲೇ ಸ್ಟಾರ್ ಹಾಕಿರುತ್ತಿದ್ದರು. ಮನುಕುಲ ನಿಸರ್ಗಸ್ಥಿತಿಯಿಂದ ಹೊರಬಂದದ್ದು ಸರಿ, ನಾವು ಗೈಡಿನಿಂದ ಹೊರಬರಲಿಲ್ಲ.

ಸೊಸೆಯ ಕ್ಲಾಸು ಬೇರೆ ಥರ. ಹದಿನಾರು ವಾರದ ಪಾಠವನ್ನು ಹಿಂಡಿ ಐದೂವರೆ ವಾರಕ್ಕೆ ತುಂಬಿದ್ದಾರೆ. ಸೋಮವಾರದಿಂದ ಗುರುವಾರ, ದಿನಾ ಎರಡು ಗಂಟೆಗಿಂತ ಹೆಚ್ಚು, ಒಟ್ಟು ನಲವತ್ತೆಂಟು ಗಂಟೆ. ಒಂದು ದಿನ ಜ್ವರ ಬಂದು ಮಲಗಿದರೆ ಮಾಮೂಲು ಲೆಕ್ಕದಲ್ಲಿ ಮುಕ್ಕಾಲು ವಾರದ ಪಾಠ ಹೋಯಿತು. ಹೊರಗೆ ನಲವತ್ತು ಡಿಗ್ರಿ ಬಿಸಿಲು, ಒಳಗೆ ಸ್ವೆಟರ್ ಬೇಕಾಗುವ ಎಸಿ. ಪಕ್ಕದ ಬೆಂಚಿನಲ್ಲಿ ರಾತ್ರಿಪಾಳಿ ಮುಗಿಸಿ ನೇರ ಬರುವ ಆಸ್ಪತ್ರೆಯ ಸಹಾಯಕಿ, ಹಿಂದೆ ಸೈನ್ಯ ಬಿಟ್ಟು ಬಂದು ಡಿಗ್ರಿ ಶುರುಮಾಡಿದ ನಲವತ್ತರ ಗಂಡಸು, ಮುಂದೆ ಹೈಸ್ಕೂಲಿನಲ್ಲಿರುವಾಗಲೇ ಕಾಲೇಜು ಕ್ರೆಡಿಟ್ ಗುಡ್ಡೆ ಹಾಕುತ್ತಿರುವ ಹುಡುಗ. ಆ ಹುಡುಗ ನಮ್ಮವನೇ ಅಂತ ಬೇರೆ ಹೇಳಬೇಕಾಗಿಲ್ಲ.

ಹೋಂವರ್ಕಿಗೆ ‘ಡಿಸ್ಕಶನ್ ಪೋಸ್ಟ್’ ಅಂತ ಒಂದಿದೆ. ವಾರಕ್ಕೊಂದು ಪ್ರಶ್ನೆ. ಇನ್ನೂರೈವತ್ತು ಪದದ ಉತ್ತರ ಬರೆದು ಹಾಕಬೇಕು. ಜೊತೆಗೆ ಇಬ್ಬರು ಸಹಪಾಠಿಗಳ ಉತ್ತರಕ್ಕೆ ಪ್ರತಿಕ್ರಿಯೆ ಬರೆಯಬೇಕು. ಗಡುವು ರಾತ್ರಿ 11 ಗಂಟೆ 59 ನಿಮಿಷ. ಹನ್ನೊಂದೂವರೆಯವರೆಗೆ ಪ್ರಜಾಪ್ರಭುತ್ವ ಮಲಗಿರುತ್ತದೆ. ಆಮೇಲೆ ನೋಡಿ, ಟಪಟಪ ಟಪಟಪ. “ನಿನ್ನ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಬಹಳ ಆಸಕ್ತಿಕರ ಅಂಶ ಎತ್ತಿದ್ದೀಯ.” ಎಲ್ಲರೂ ಎಲ್ಲರಿಗೂ ಅದನ್ನೇ ಬರೆಯುತ್ತಾರೆ. ಒಬ್ಬರಾದರೂ “ನೀನು ಹೇಳಿದ್ದು ಶುದ್ಧ ತಪ್ಪು ಕಣಯ್ಯ” ಅಂದದ್ದು ನಾನು ಕಾಣೆ. ಜಗಳವಾಡಲು ಕಲಿಸಬೇಕಾದ ಶಾಸ್ತ್ರ ಇದು. ಸಾಕ್ರೆಟಿಸ್ ಹೀಗೆ ಎಲ್ಲರಿಗೂ “ಪೂರ್ತಿ ಒಪ್ಪುತ್ತೇನೆ” ಅಂದಿದ್ದರೆ ವಿಷದ ಬಟ್ಟಲು ತಪ್ಪುತ್ತಿತ್ತು, ನಮಗೂ ಎರಡು ಅಧ್ಯಾಯ ಕಡಿಮೆಯಾಗುತ್ತಿತ್ತು.

ಟೆಕ್ಸಸ್ ಪೇಪರು ಮಾತ್ರ, ನಾನು ಹೇಳುವುದನ್ನು ನಂಬಿ, ಕಾದಂಬರಿ. ಸೊಸೆ ಸಂಜೆ ಬಂದು ಊಟದ ಮೇಜಿನ ಮೇಲೆ ಪುಸ್ತಕ ಹರವಿದರೆ ನಾನು ಅವರೆಕಾಳು ಹಿಸುಕುವುದನ್ನೂ ಬಿಟ್ಟು ಕೇಳುತ್ತಿದ್ದೆ. (ಅಲ್ಲಿ ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಸಿಗುತ್ತದೆ. ನೆನೆಸಿ ಹಿಸುಕಿಕೊಳ್ಳಬೇಕು, ಸೊಗಡು ಕೇಳಬಾರದು.)

ಅವರ ಸಂವಿಧಾನ 1876ರದ್ದು, ಹುಟ್ಟಿದ್ದೇ ಸಿಟ್ಟಿನಲ್ಲಿ. ಅಂತರ್ಯುದ್ಧದ ನಂತರ ಎಡ್ಮಂಡ್ ಡೇವಿಸ್ ಎಂಬಾತ ಗವರ್ನರ್ ಆಗಿದ್ದ. ಯುದ್ಧದಲ್ಲಿ ಉತ್ತರದ ಪರ ನಿಂತವನು. ಸೋತ ಕಡೆಯವರಿಗೆ ಅದೇ ಸಾಕಿತ್ತು. ಮೇಲೆ ಅವನ ಕೈಯಲ್ಲಿ ಅಧಿಕಾರ ಬಹಳ, ಹೊಸದಾಗಿ ಕಟ್ಟಿದ ರಾಜ್ಯ ಪೊಲೀಸ್ ಪಡೆ ಬೇರೆ, ಆ ಪಡೆಯಲ್ಲಿ ನಿನ್ನೆಯವರೆಗೆ ಗುಲಾಮರಾಗಿದ್ದ ಕಪ್ಪು ಜನರೂ ಇದ್ದರು. ಹೊಟ್ಟೆಯುರಿಗೆ ಇನ್ನೇನು ಬೇಕು? 1873ರ ಡಿಸೆಂಬರ್ ಚುನಾವಣೆಯಲ್ಲಿ ಡೇವಿಸ್ ರಿಚರ್ಡ್ ಕೋಕ್ ಎದುರು ಸೋತ. ಸೋತವನು ಕುರ್ಚಿ ಬಿಡಬೇಕಲ್ಲ, ಬಿಡಲಿಲ್ಲ. 1874ರ ಜನವರಿಯಲ್ಲಿ ಆಸ್ಟಿನ್ನಿನ ಕ್ಯಾಪಿಟಲ್ ಕಟ್ಟಡದ ಕೆಳಮಹಡಿಯಲ್ಲಿ ಡೇವಿಸನ ಬಂದೂಕಿನ ಕಾವಲು, ಮೇಲ್ಮಹಡಿಯಲ್ಲಿ ಗೆದ್ದವರ ದರ್ಬಾರು. ಸೈನ್ಯ ಕಳಿಸಿ ಅಂತ ಡೇವಿಸ್ ಅಧ್ಯಕ್ಷ ಗ್ರಾಂಟ್‌ನನ್ನು ಬೇಡಿದ. ಗ್ರಾಂಟ್ ಕಳಿಸಲಿಲ್ಲ. ಕೊನೆಗೆ ಇಳಿದುಹೋದ.

“ಒಂದೇ ಬಿಲ್ಡಿಂಗ್‌ನಲ್ಲಿ ಎರಡು ಸರ್ಕಾರ ಅತ್ತೆ! ಸೋ ವಿಯರ್ಡ್, ಅಲ್ವಾ?” ಅಂದಳು ಸೊಸೆ.

“ನಮ್ಮಲ್ಲಿ ಒಂದೇ ಸರ್ಕಾರ ಎರಡು ರೆಸಾರ್ಟಿನಲ್ಲಿರುತ್ತೆ ಪುಟ್ಟಿ,” ಅಂದೆ.

ಆ ಸಿಟ್ಟಿನಲ್ಲಿ ಕೂತು ಬರೆದವರು ಮುಂದೆ ಯಾವ ಗವರ್ನರನೂ ಬಾಲ ಬಿಚ್ಚದ ಹಾಗೆ ಅಧಿಕಾರವನ್ನು ಚೂರುಚೂರು ಮಾಡಿ ಹಂಚಿದರು. ಅಟಾರ್ನಿ ಜನರಲ್ ಬೇರೆ ಚುನಾವಣೆ, ಖಜಾನೆಯ ಲೆಕ್ಕಾಧಿಕಾರಿ ಬೇರೆ ಚುನಾವಣೆ, ಸರ್ಕಾರಿ ಜಮೀನು ನೋಡುವ ಕಮಿಷನರ್ ಬೇರೆ. ಜಡ್ಜುಗಳು ಪಕ್ಷದ ಚಿಹ್ನೆಯಲ್ಲಿ ಚುನಾವಣೆಗೆ ನಿಲ್ಲುತ್ತಾರೆ. ಸುಪ್ರೀಂ ಕೋರ್ಟ್ ಇದೆ, ಅದು ಸಿವಿಲ್ ವ್ಯಾಜ್ಯಕ್ಕೆ ಮಾತ್ರ. ಕ್ರಿಮಿನಲ್‌ಗೆ ಇನ್ನೊಂದು ಅಷ್ಟೇ ದೊಡ್ಡ ಕೋರ್ಟು. ಪ್ರತಿಯೊಂದು ಸಣ್ಣ ವಿಷಯವನ್ನೂ ಸಂವಿಧಾನದಲ್ಲೇ ಬರೆದಿಟ್ಟದ್ದರಿಂದ ಏನು ಬದಲಿಸಬೇಕಾದರೂ ತಿದ್ದುಪಡಿ ತಂದು ಜನರ ಮತಕ್ಕೆ ಹಾಕಬೇಕು. ತಿದ್ದುಪಡಿಗಳ ಸಂಖ್ಯೆ ಈಗಾಗಲೇ 500 ದಾಟಿದೆ. 2007ರಲ್ಲಿ ಅಲ್ಲಿಯ ಮತದಾರರು ಗಂಭೀರವಾಗಿ ಮತ ಹಾಕಿ, ದನದ ಚರ್ಮ ಮತ್ತು ಜಾನುವಾರುಗಳ ಇನ್ಸ್‌ಪೆಕ್ಟರ್ ಎಂಬ ಹುದ್ದೆಯನ್ನು ಸಂವಿಧಾನದಿಂದ ತೆಗೆದುಹಾಕಿದರು. ಕಾರು ತಯಾರಿಸುವವರೂ ಕಂಪ್ಯೂಟರ್ ಚಿಪ್ಪು ಮಾಡುವವರೂ ಸಾಲಿನಲ್ಲಿ ನಿಂತು ಚರ್ಮದ ಇನ್ಸ್‌ಪೆಕ್ಟರನಿಗೆ ವಿದಾಯ ಹೇಳಿದ ದೃಶ್ಯ ಯೋಚನೆ ಮಾಡಿ.

ಆದರೆ ನನಗೆ ಪಂಚಪ್ರಾಣವಾದದ್ದು ಟೆಕ್ಸಸ್ ರೈಲ್ವೆ ಕಮಿಷನ್. 1891ರಲ್ಲಿ ರೈಲು ಕಂಪನಿಗಳ ದರ್ಪ ಇಳಿಸಲು ಹುಟ್ಟಿದ್ದು. ಮೂವರು ಕಮಿಷನರುಗಳು, ಆರು ವರ್ಷದ ಅವಧಿ, ಜನರೇ ಆರಿಸಬೇಕು. ಇವರು ಏನು ನೋಡಿಕೊಳ್ಳುತ್ತಾರೆ ಹೇಳಿ? ಎಣ್ಣೆ ಬಾವಿ, ಗ್ಯಾಸು, ಪೈಪ್‌ಲೈನು. ರೈಲಿಗೆ ಸಂಬಂಧಿಸಿದ ಕೊನೆಯ ಕೆಲಸವೂ 2005ರಲ್ಲಿ ಬೇರೆ ಇಲಾಖೆಗೆ ಹೋಯಿತು. ಹೆಸರು ಮಾತ್ರ ಹಾಗೇ ಇದೆ. ನಮ್ಮ ತಮ್ಮ ಇಷ್ಟು ವರ್ಷದಿಂದ ಆ ಚುನಾವಣೆಯಲ್ಲಿ ಮತ ಹಾಕುತ್ತಿದ್ದಾನೆ.

“ನೀನು ಏನಂತ ತಿಳಿದು ಓಟು ಹಾಕ್ತಿದ್ದೆಯೋ?” ಅಂದೆ.

“ಡಲ್ಲಾಸ್‌ಗೆ ಟ್ರೈನ್ ಬಿಡಿಸ್ತಾರೇನೋ ಅಂತ ಅಕ್ಕ.”

ನೂರು ಪ್ರಶ್ನೆಯಲ್ಲಿ ಇದು ಇರಲಿಲ್ಲವಂತೆ. ಮಗಳು ಅಪ್ಪನನ್ನು ನೋಡಿದ ನೋಟದಲ್ಲೇ ನನಗೆ ಗೊತ್ತಾಯಿತು, ಆರು ಕ್ರೆಡಿಟ್ ಕಡ್ಡಾಯ ಮಾಡಿದವರು ಸುಮ್ಮನೆ ಮಾಡಿಲ್ಲ.

ಜುಲೈಯಲ್ಲಿ ತತ್ತ್ವಶಾಸ್ತ್ರ ಶುರುವಾಯಿತು. ವೇಗ ನೋಡಬೇಕು ನೀವು. ಸೋಮವಾರ ಪ್ಲೇಟೋ ಆದರ್ಶ ರಾಜ್ಯ ಕಟ್ಟಿದ. ಬುಧವಾರ ಅರಿಸ್ಟಾಟಲ್ ಬಂದು ಅದನ್ನು ಕೆಡವಿದ. ಮುಂದಿನ ವಾರ ಮೆಕಿಯವೆಲ್ಲಿಗೆ ಒಂದು ದಿನ, ಹಾಬ್ಸ್‌ಗೆ ಎರಡು ದಿನ, ಲಾಕ್‌ಗೆ ಒಂದೂವರೆ. ರೂಸೋಗೆ ಹೊಟ್ಟೆನೋವು ಬಂದು ರಜ. ಅಂದರೆ ಸೊಸೆಗೆ ಹೊಟ್ಟೆನೋವು. ಆದ್ದರಿಂದ ಅವನು ಸಾಮಾನ್ಯ ಇಚ್ಛೆ ಅಂದರೆ ಏನೆಂದ ಅಂತ ಅವಳಿಗೆ ಇವತ್ತಿಗೂ ತಿಳಿಯದು. ಪರವಾಗಿಲ್ಲ, ಪಾಠ ಕೇಳಿದವರಿಗೂ ತಿಳಿಯದು. ಮಕ್ಕಳನ್ನು ಹೇಗೆ ಬೆಳೆಸಬೇಕು ಅಂತ 1762ರಲ್ಲಿ ದಪ್ಪ ಪುಸ್ತಕ ಬರೆದ ಈ ಮಹಾನುಭಾವ ತನ್ನ ಐದೂ ಮಕ್ಕಳನ್ನು ಅನಾಥಾಲಯಕ್ಕೆ ಒಪ್ಪಿಸಿದ್ದ ಎಂದು ನಾನು ಹೇಳಿದಾಗ ಅವಳು ಪುಸ್ತಕ ಮುಚ್ಚಿಟ್ಟು, “ಅತ್ತೆ, ಇದನ್ನ ನೀವು ಫಸ್ಟೇ ಹೇಳಬೇಕಿತ್ತು” ಅಂದಳು.

ನಮ್ಮ ಮನೆಯನ್ನು ಅಲ್ಲಾಡಿಸಿದವನು ಮಾತ್ರ ಜಾನ್ ರಾಲ್ಸ್. ಹಾರ್ವರ್ಡ್‌ನಲ್ಲಿ ಮೇಷ್ಟರಾಗಿದ್ದವನು, ನ್ಯಾಯದ ಬಗ್ಗೆ ಅವನ ದೊಡ್ಡ ಪುಸ್ತಕ 1971ರದ್ದು. ನಮ್ಮ ಕಾಲದ ಗೈಡಿಗೆ ಇನ್ನೂ ಬಂದಿರಲಿಲ್ಲ. ಅವನು ಹೇಳುವುದು ಇಷ್ಟು: ಸಮಾಜದ ನಿಯಮ ಬರೆಯಲು ಕೂತಾಗ ನೀನು ಆ ಸಮಾಜದಲ್ಲಿ ಯಾರಾಗಿ ಹುಟ್ಟುತ್ತೀಯ ಎಂಬುದು ನಿನಗೆ ಗೊತ್ತಿರಬಾರದು. ಗಂಡೋ ಹೆಣ್ಣೋ, ಬಡವನೋ ಸಾಹುಕಾರನೋ, ಜಾಣನೋ ದಡ್ಡನೋ ತಿಳಿಯದ ಒಂದು ಅಜ್ಞಾನದ ಪರದೆಯ ಹಿಂದೆ ಕೂತು ಬರೆದ ನಿಯಮವೇ ನ್ಯಾಯವಾದದ್ದು. ಅಸಮಾನತೆ ಇರಲೇಬೇಕು ಅಂದರೆ ಅದು ಎಲ್ಲರಿಗಿಂತ ಕೆಳಗಿರುವವನಿಗೆ ಒಳ್ಳೆಯದು ಮಾಡುವಂತಿರಬೇಕು.

ಒಂದು ಭಾನುವಾರ ಬೆಳಿಗ್ಗೆ ದೋಸೆ ಆಗುತ್ತಿದ್ದ ಹೊತ್ತಿಗೆ ಸೊಸೆ ನಾಲ್ಕು ಚೀಟಿ ಹಂಚಿದಳು. ಈ ಮನೆಯ ನಿಯಮ ಬರೆಯಬೇಕು. ನಾಳೆ ಬೆಳಗಾದರೆ ನೀವು ಅಪ್ಪನೋ, ಅಮ್ಮನೋ, ಮಗಳೋ, ಮೈಸೂರಿಂದ ಬಂದ ಅತ್ತೆಯೋ, ಯಾರಾಗಿರುತ್ತೀರಿ ಅಂತ ಗೊತ್ತಿಲ್ಲ ಅಂದುಕೊಳ್ಳಿ. ಐದು ನಿಮಿಷ ಟೈಮು.

ತಮ್ಮ ಪೆನ್ನು ಕಚ್ಚಿದ. ಆ ಮನೆಯಲ್ಲಿ ಎಸಿಯ ಹದ ಫ್ಯಾರನ್‌ಹೀಟ್ 78. ಅದನ್ನು ಬದಲಾಯಿಸುವ ಅಧಿಕಾರ ಅವನ ಫೋನಿನಲ್ಲಿ ಮಾತ್ರ ಇದೆ. ಹಾಬ್ಸ್ ಹೇಳುವ ಸಾರ್ವಭೌಮ ಹೇಗಿರುತ್ತಾನೆ ಅಂತ ನೋಡಬೇಕಾದರೆ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ತಮ್ಮನ ಮನೆಗೆ ಹೋಗಬೇಕು. ಅವನು ಕೊನೆಗೆ ಬರೆದದ್ದು: “ಥರ್ಮೋಸ್ಟಾಟ್ ಮೇಲೆ ಎಲ್ಲರಿಗೂ ಸಮಾನ ಹಕ್ಕು. ಆದರೆ ಬಿಲ್ಲನ್ನೂ ಸಮಾನವಾಗಿ ಹಂಚಬೇಕು.” ನಾನು ಬರೆದದ್ದು: “ಫಿಲ್ಟರಿನ ಮೊದಲ ಡಿಕಾಕ್ಷನ್ ಮನೆಗೆ ಬಂದ ಹಿರಿಯರಿಗೆ.” ಸೊಸೆ ನನ್ನ ಚೀಟಿ ಅಲ್ಲೇ ವಜಾ ಮಾಡಿದಳು.

“ಅತ್ತೆ, ನೀವು ಅತ್ತೆ ಅಂತ ನಿಮಗೆ ಗೊತ್ತಿಲ್ಲ!”

“ಅದು ಮರೆಯೋ ಅಂಥ ವಿಷಯವೇನೇ?”

ತಮ್ಮನ ಹೆಂಡತಿ ಒಲೆ ಹತ್ತಿರದಿಂದ ಬರಲೇ ಇಲ್ಲ. ಮೊಗಚೆಕೈ ಹಿಡಿದುಕೊಂಡೇ ಒಂದು ಸಾಲು ಹೇಳಿ ಮಗಳ ಕೈಲಿ ಬರೆಸಿದಳು: “ದೋಸೆ ಹುಯ್ಯುವವರು ಮೊದಲನೇ ದೋಸೆ ತಿನ್ನಬೇಕು.” ಮೇಜಿನ ಸುತ್ತ ಕೂತಿದ್ದ ಮೂವರ ತಟ್ಟೆಯಲ್ಲೂ ಆಗ ಎರಡೆರಡು ದೋಸೆ ಆಗಿತ್ತು. ಈ ಮನೆಯಲ್ಲಿ ಎಲ್ಲರಿಗಿಂತ ಕೆಳಗಿರುವವರು ಯಾರು ಅಂತ ಸೊಸೆ ಮುಂದಿನ ಪ್ರಶ್ನೆ ಕೇಳಿದಾಗ ತಮ್ಮ, “ನಾನೇ. ಮನೆ ಸಾಲ ನನ್ನ ಹೆಸರಲ್ಲಿದೆ” ಅಂದ. ಯಾರೂ ನಗಲಿಲ್ಲ. ಅವತ್ತು ಆಮೇಲಿನ ದೋಸೆಗಳನ್ನು ಹುಯ್ದವನು ಅವನೇ. ಒಂದೂ ದುಂಡಗಿರಲಿಲ್ಲ. ಐದೂವರೆ ವಾರದ ಕೋರ್ಸು ಅಷ್ಟು ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೊನೆಯ ಪ್ರಬಂಧ ಜಾನ್ ಸ್ಟುವರ್ಟ್ ಮಿಲ್ ಮೇಲೆ. ಮಿಲ್ ಅಂದರೆ ನನಗೂ ಗೌರವ. ಇನ್ನೊಬ್ಬರಿಗೆ ಹಾನಿಯಾಗದಿದ್ದರೆ ಒಬ್ಬನ ಬದುಕಿನಲ್ಲಿ ಸರ್ಕಾರವಾಗಲಿ ಸಮಾಜವಾಗಲಿ ಕೈಹಾಕಬಾರದು ಅಂತ 1859ರಲ್ಲಿ ಬರೆದವನು. ಆದರೆ ಮೈಸೂರಿನವಳಾಗಿ ನನಗೆ ಅವನ ಮೇಲೆ ಒಂದು ಹಳೆಯ ತಕರಾರಿದೆ. ಇವನು 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯ ನೌಕರ. ಗುಮಾಸ್ತನಾಗಿ ಸೇರಿ ಮೇಲಕ್ಕೆ ಹೋದವನು. ದೇಶೀಯ ಸಂಸ್ಥಾನಗಳಿಗೆ ಸಂಬಂಧಿಸಿದ ಪತ್ರವ್ಯವಹಾರದ ಕರಡು ಬರೆಯುವುದು ಅವನ ಕೆಲಸವಾಗಿತ್ತು. 1831ರಲ್ಲಿ ನಗರ ಪ್ರಾಂತ್ಯದ ದಂಗೆಯನ್ನು ನೆಪಮಾಡಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಂಪನಿ ಆಡಳಿತ ಕಿತ್ತುಕೊಂಡಿತಲ್ಲ (ಮತ್ತೆ ಅರಸರ ಕೈಗೆ ಬಂದದ್ದು 1881ರಲ್ಲಿ), ಕಿತ್ತುಕೊಂಡಾಗ ಈ ಸ್ವಾತಂತ್ರ್ಯಪ್ರಿಯ ಅದೇ ಕಂಪನಿಯ ಸಂಬಳ ಎಣಿಸುತ್ತಿದ್ದ. ಅವನಪ್ಪ ಜೇಮ್ಸ್ ಮಿಲ್ಲೂ ಅದೇ ಕಚೇರಿ. ಅಪ್ಪ ಭಾರತದ ಚರಿತ್ರೆಯನ್ನೇ ಬರೆದ. ಇಬ್ಬರೂ ಒಂದು ದಿನವೂ ಭಾರತಕ್ಕೆ ಕಾಲಿಡಲಿಲ್ಲ. ಸ್ವಾತಂತ್ರ್ಯದ ಪುಸ್ತಕ ಬಂದದ್ದು ನೌಕರಿ ಮುಗಿದ ಮರುವರ್ಷ. ಅದರಲ್ಲೂ ಒಂದು ಷರಾ: ಈ ತತ್ತ್ವ ಇನ್ನೂ ಬಲಿಯದ ಸಮಾಜಗಳಿಗೆ ಅನ್ವಯಿಸುವುದಿಲ್ಲ. ಅಂದರೆ ನಮಗೆ.

ಇದೆಲ್ಲ ನಮ್ಮ ಬಿ.ಎ. ಗೈಡಿನಲ್ಲಿ ಇರಲಿಲ್ಲ ಅಂತ ಬೇರೆ ಹೇಳಬೇಕೇ? ಮಿಲ್ ಜನನ, ಮಿಲ್ ಕೃತಿಗಳು, ಮಿಲ್ ಟೀಕೆಗಳು, ಅಷ್ಟೇ. ಸೊಸೆಗೆ ನಾನು ಇದನ್ನೆಲ್ಲ ಹೇಳಿದ್ದೇ ತಡ, ಅವಳಿಗೆ ಆವೇಶ ಬಂತು. ರಾತ್ರಿಯೆಲ್ಲ ಕೂತು ಮೈಸೂರಿನ ಕಥೆ ಹೆಣೆದು ಮಿಲ್‌ನನ್ನು ಕಟಕಟೆಗೆ ಹತ್ತಿಸಿದಳು. ಮರುದಿನ ರಾತ್ರಿ 11 ಗಂಟೆ 59ಕ್ಕೆ ಸಲ್ಲಿಸಿದಳು. ಮೂರನೆಯ ದಿನ ಅಂಕ ಬಂತು. ಸಿ. ಪಕ್ಕದಲ್ಲಿ ಮೇಷ್ಟರ ಟಿಪ್ಪಣಿ: ಕೇಳಿದ ಪ್ರಶ್ನೆ ಹಾನಿಯ ತತ್ತ್ವದ ಬಗ್ಗೆ, ನೀನು ಬರೆದದ್ದು ಮಿಲ್‌ನ ಉದ್ಯೋಗದ ಬಗ್ಗೆ.

ತಮ್ಮ ಆಕಾಶ ತಲೆಮೇಲೆ ಬಿದ್ದವನ ಹಾಗೆ ಕೂತ. ಜಿಪಿಎ, ಜಿಪಿಎ ಅಂತ ಜಪ. ನನ್ನ ಕಡೆ ತಿರುಗಿ, “ಅಕ್ಕ, ನೀನು ಸ್ವಲ್ಪ ಸುಮ್ಮನಿದ್ದಿದ್ದರೆ...” ಅಂದ. ನಾನೇಕೆ ಸುಮ್ಮನಿರಲಿ? ಐವತ್ತು ವರ್ಷ ಮೈಸೂರು ಸುಮ್ಮನಿದ್ದದ್ದು ಸಾಲದೇ?

ಆಗ ಸೊಸೆ ತೆಗೆದಳು ನೋಡಿ, ನಾನು ಆಮೇಲೆ ಬರುತ್ತೇನೆ ಅಂದಿದ್ದ ಆ ಇಪ್ಪತ್ತೇಳನೆಯ ತಿದ್ದುಪಡಿ. ಟೆಕ್ಸಸ್ ಪೇಪರಿನಲ್ಲಿ ಮೇಡಂ ಹೇಳಿದ ಕಥೆಯಂತೆ. 1789ರಲ್ಲಿ ಜೇಮ್ಸ್ ಮ್ಯಾಡಿಸನ್ ಒಂದು ತಿದ್ದುಪಡಿ ಮುಂದಿಟ್ಟಿದ್ದ: ಸಂಸದರು ತಮ್ಮ ಸಂಬಳ ತಾವೇ ಬದಲಿಸಿಕೊಂಡರೆ ಅದು ಮುಂದಿನ ಚುನಾವಣೆ ಆಗುವವರೆಗೆ ಜಾರಿಗೆ ಬರಬಾರದು. ಸಾಕಷ್ಟು ರಾಜ್ಯಗಳು ಆಗ ಒಪ್ಪಲಿಲ್ಲ, ಮೂಲೆಗೆ ಬಿತ್ತು. 1982ರಲ್ಲಿ ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ವಾಟ್ಸನ್ ಎಂಬ ಹತ್ತೊಂಬತ್ತರ ಹುಡುಗ ಸರ್ಕಾರದ ಪೇಪರಿಗೆ ಇದನ್ನೇ ವಿಷಯ ಮಾಡಿಕೊಂಡು ಬರೆದ. ಗಡುವು ಅಂತ ಯಾರೂ ಹಾಕಿಲ್ಲವಾದ್ದರಿಂದ ಆ ತಿದ್ದುಪಡಿ ಇನ್ನೂ ಜೀವಂತ ಇದೆ, ಉಳಿದ ರಾಜ್ಯಗಳು ಈಗಲೂ ಒಪ್ಪಿಗೆ ಕೊಡಬಹುದು ಎಂದು ವಾದಿಸಿದ. ಸಿ ಬಂತು. ತನ್ನ ಪಾಠದ ಮೇಡಂ ಹತ್ತಿರ ಹೋಗಿ ಕೇಳಿಕೊಂಡ, ಮತ್ತೆ ನೋಡಿ ಸಿ ಅಂತಲೇ ವಾಪಸು ಕೊಟ್ಟರು.

ನಮ್ಮ ಹುಡುಗರಾಗಿದ್ದರೆ ಮರುಮೌಲ್ಯಮಾಪನಕ್ಕೆ ಫೀಸು ಕಟ್ಟುತ್ತಿದ್ದರು. ಅವನು ರಾಜ್ಯಗಳಿಗೆ ಪತ್ರ ಬರೆಯಲು ಕೂತ. 1983ರಲ್ಲಿ ಮೇನ್ ರಾಜ್ಯ ಒಪ್ಪಿತು, 1984ರಲ್ಲಿ ಕೊಲರಾಡೊ. ಒಂದಾದ ಮೇಲೊಂದು ಬಿದ್ದವು. 1992ರ ಮೇ ತಿಂಗಳಲ್ಲಿ ಬೇಕಾದಷ್ಟು ರಾಜ್ಯಗಳಾಗಿ, ಇನ್ನೂರು ವರ್ಷ ಹಳೆಯ ಪ್ರಸ್ತಾಪ ಸಂವಿಧಾನಕ್ಕೆ ಸೇರಿತು. 2017ರಲ್ಲಿ ಆ ಮೇಡಂ ಅಂಕ ಬದಲಿಸುವ ಅರ್ಜಿಗೆ ಸಹಿ ಹಾಕಿ ಹಳೆಯ ಸಿಯನ್ನು ಎ ಮಾಡಿಸಿದರು. ಮೂವತ್ತೈದು ವರ್ಷ ತಡ. ನಮ್ಮ ಎಷ್ಟೋ ವಿಶ್ವವಿದ್ಯಾಲಯಗಳ ಅಂಕಪಟ್ಟಿಗೆ ಹೋಲಿಸಿದರೆ ಬೇಗವೇ ಅನ್ನಬೇಕು.

ನಾನು ಕಥೆ ಕೇಳಿ ಫೋನಿನಲ್ಲಿ ಊರಿನ ಸುದ್ದಿ ತೆಗೆದೆ. 2025ರ ಮಾರ್ಚ್‌ನಲ್ಲಿ ನಮ್ಮ ವಿಧಾನಮಂಡಲ ಗದ್ದಲದ ನಡುವೆಯೇ ಶಾಸಕರ ತಿಂಗಳ ಮೂಲ ವೇತನವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸಿಕೊಂಡಿತ್ತು. ಮುಂದಿನ ಚುನಾವಣೆಯವರೆಗೆ ಕಾಯಬೇಕು ಅಂತ ಬರೆದ ಸಿ ದರ್ಜೆಯ ಹುಡುಗ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವನನ್ನು ಸೈನ್ಸಿಗೆ ಹಾಕಿರುತ್ತೇವೆ.

ಟೆಕ್ಸಸ್‌ನಲ್ಲಿ ಮಗಳೋ ಮಗನೋ ಕಾಲೇಜಿಗೆ ಹೋಗುತ್ತಿರುವ ನನ್ನ ಕನ್ನಡದ ಬಳಗಕ್ಕೆ ಹೇಳುವುದು ಇಷ್ಟೇ. ಬೇಸಿಗೆಯಲ್ಲೇ ಓದಿಸಿ, ತಪ್ಪಿಲ್ಲ. ಆದರೆ 2306 ಮತ್ತು ತತ್ತ್ವಶಾಸ್ತ್ರ ಎರಡನ್ನೂ ಒಂದೇ ಐದೂವರೆ ವಾರಕ್ಕೆ ತುರುಕಬೇಡಿ. ಜೂನಿಗೆ ಒಂದು, ಜುಲೈಗೆ ಒಂದು. ಫೀಸು ಕಟ್ಟುವ ಮುಂಚೆ ಈ ಕ್ರೆಡಿಟ್ ನಿಮ್ಮ ವಿಶ್ವವಿದ್ಯಾಲಯದಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಅಂತ ಅಲ್ಲಿಯ ಸಲಹೆಗಾರರಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬರೀ ಬಾಯಿಮಾತಿನ ಒಪ್ಪಂದವನ್ನು ಹಾಬ್ಸ್ ಕೂಡ ನಂಬುತ್ತಿರಲಿಲ್ಲ.